ಇಲ್ಲದ ಎರಡೂವರೆ, ಎರಡು ಸಲ ಬರುವ ಒಂದೂವರೆ: ಗಡಿಯಾರ ಸರಿಯುವ ರಾತ್ರಿ ಡೇಟಾಬೇಸ್ ಜಾಬ್‌ಗಳಿಗೆ ಏನಾಗುತ್ತದೆ?

2026ರ ಮಾರ್ಚ್ 8, ಭಾನುವಾರ. ನ್ಯೂಯಾರ್ಕ್‌ನಲ್ಲಿ ರಾತ್ರಿ 1 ಗಂಟೆ 59 ನಿಮಿಷ ಕಳೆದ ಮರುಕ್ಷಣ ಗಡಿಯಾರ 3 ಗಂಟೆ ತೋರಿಸುತ್ತದೆ. 2ರಿಂದ 3ರ ನಡುವಿನ ಒಂದು ತಾಸು ಆ ದಿನದಲ್ಲಿ ಇಲ್ಲವೇ ಇಲ್ಲ. ಬೇಸಿಗೆಗೆ ಗಡಿಯಾರವನ್ನು ಮುಂದಕ್ಕೆ, ಚಳಿಗಾಲಕ್ಕೆ ಹಿಂದಕ್ಕೆ ಸರಿಸುವ ‘ಡೇಲೈಟ್ ಸೇವಿಂಗ್’ ಪದ್ಧತಿಯೇ ಇದಕ್ಕೆ ಕಾರಣ. ನವೆಂಬರ್ 1ರಂದು ಇದರ ತಿರುಗುಮುರುಗು: 1 ಗಂಟೆ 59 ನಿಮಿಷದ ನಂತರ ಮತ್ತೆ 1 ಗಂಟೆ, ಅಂದರೆ ಒಂದೂವರೆ ಎರಡು ಸಲ ಬರುತ್ತದೆ. ದಿನಾ ರಾತ್ರಿ ಎರಡೂವರೆಗೆ ಬ್ಯಾಕಪ್ ತೆಗೆಯಬೇಕೆಂದು ಬರೆದಿಟ್ಟ ಜಾಬ್, ಅಂದರೆ ಗೊತ್ತಾದ ಹೊತ್ತಿಗೆ ತಾನೇ ಓಡುವ ಕೆಲಸ, ಮಾರ್ಚ್‌ನ ಆ ರಾತ್ರಿ ಏನು ಮಾಡಬೇಕು? ಒಂದೂವರೆಗೆ ಚಂದಾದಾರರ ಖಾತೆಯಿಂದ ಹಣ ಕಡಿತ ಮಾಡುವ ಜಾಬ್ ನವೆಂಬರ್‌ನ ಆ ರಾತ್ರಿ ಎಷ್ಟು ಸಲ ಓಡಬೇಕು?

ಬಹಳಷ್ಟು ಕಡೆ ಈ ಪ್ರಶ್ನೆಗಳಿಗೆ ಯಾರೂ ಉತ್ತರ ಬರೆದಿಟ್ಟಿರುವುದಿಲ್ಲ. ಜಾಬ್‌ಗಳನ್ನು ಹೊತ್ತು ನೋಡಿ ಎಬ್ಬಿಸುವ ತಂತ್ರಾಂಶಕ್ಕೆ, ಅಂದರೆ ಶೆಡ್ಯೂಲರ್‌ಗೆ, ತೋಚಿದ್ದೇ ಉತ್ತರವಾಗುತ್ತದೆ. ಈ ತೊಂದರೆ ರಾತ್ರಿಯ ಜಾಬ್‌ಗಳಿಗೇ ಬಂದು ತಗಲುವುದಕ್ಕೂ ಕಾರಣವಿದೆ. ಜನ ಮಲಗಿರುವ, ವ್ಯವಹಾರ ಕಡಿಮೆ ಇರುವ ಹೊತ್ತು ನೋಡಿ ಸರ್ಕಾರಗಳು ಗಡಿಯಾರ ಸರಿಸುತ್ತವೆ. ಬ್ಯಾಕಪ್, ಇಂಡೆಕ್ಸ್ ಮರುನಿರ್ಮಾಣ, ದಿನದ ಲೆಕ್ಕ ಮುಗಿಸುವ ಕೆಲಸಗಳನ್ನು ನಾವು ಇಡುವುದೂ ಅದೇ ಲೆಕ್ಕಾಚಾರದಿಂದ, ಅದೇ ಹೊತ್ತಿಗೆ. ಅಮೆರಿಕದಲ್ಲಿ 2007ರಿಂದ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ, ಆಯಾ ಪ್ರದೇಶದ ರಾತ್ರಿ 2 ಗಂಟೆಗೆ ಬದಲಾವಣೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಎಲ್ಲ ದೇಶಗಳಲ್ಲೂ ಒಟ್ಟಿಗೆ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ, ಬೇಸಿಗೆ-ಚಳಿಗಾಲಕ್ಕೆ ಸರಿಯದ ಪ್ರಮಾಣ ಸಮಯ) 1 ಗಂಟೆಗೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಬೇಕು. ಆ ರಾತ್ರಿ ಕಾಲ ಜಿಗಿಯುವುದಿಲ್ಲ. ಯುನಿಕ್ಸ್ ಮಾದರಿಯ ಸರ್ವರ್‌ಗಳ ಒಳಗಿನ ಎಣಿಕೆ ಸೆಕೆಂಡಿಗೊಂದರಂತೆ ಎಂದಿನ ಹಾಗೆಯೇ ಏರುತ್ತಿರುತ್ತದೆ. ಆ ಎಣಿಕೆಯನ್ನು ಸ್ಥಳೀಯ ಗಂಟೆ-ನಿಮಿಷವಾಗಿ ಬರೆದು ತೋರಿಸುವ ನಿಯಮ ಮಾತ್ರ ಬದಲಾಗುತ್ತದೆ. ಹಾಗಾಗಿ ಆ ರಾತ್ರಿ ಕೆಡುವ ಪ್ರತಿಯೊಂದು ಜಾಬ್‌ನ ಹಿಂದೆಯೂ ಸ್ಥಳೀಯ ಗಂಟೆಯನ್ನೇ ಕಾಲವೆಂದು ನಂಬಿದ ಒಂದು ಸಾಲು ಕೋಡ್ ಇರುತ್ತದೆ. ಅದನ್ನು ಹುಡುಕಿ ತಿದ್ದಬಹುದು ಎಂಬುದೇ ಇಲ್ಲಿರುವ ದೊಡ್ಡ ಸಮಾಧಾನ.

ಒಂದೊಂದು ಶೆಡ್ಯೂಲರ್‌ಗೂ ಒಂದೊಂದು ನಡವಳಿಕೆ

ಲಿನಕ್ಸ್‌ನ ಹಳೆಯ ಶೆಡ್ಯೂಲರ್ ಆದ ಕ್ರಾನ್‌ನಿಂದ ಶುರು ಮಾಡೋಣ, ಏಕೆಂದರೆ ಇಂದಿಗೂ ಅಸಂಖ್ಯ ಡೇಟಾಬೇಸ್ ಕೆಲಸಗಳನ್ನು ಎಬ್ಬಿಸುವುದು ಅದೇ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿರುವ ಕ್ರಾನ್ ಈ ವಿಷಯದಲ್ಲಿ ಸಾಕಷ್ಟು ವಿವೇಕಿ. ಗಡಿಯಾರ 3 ಗಂಟೆಗಿಂತ ಕಡಿಮೆ ಮುಂದಕ್ಕೆ ಸರಿದರೆ, ತಪ್ಪಿಹೋದ ಹೊತ್ತಿನ ಜಾಬ್‌ಗಳನ್ನು ಬದಲಾವಣೆಯಾದ ಕೂಡಲೇ ಓಡಿಸುತ್ತದೆ. ಹಿಂದಕ್ಕೆ ಸರಿದರೆ, ಒಮ್ಮೆ ಓಡಿದ್ದನ್ನು ಮತ್ತೆ ಓಡಿಸುವುದಿಲ್ಲ. ಆದರೆ ಈ ರಕ್ಷಣೆ ಗೊತ್ತಾದ ಗಂಟೆ-ನಿಮಿಷಕ್ಕೆ ಬರೆದ ಜಾಬ್‌ಗಳಿಗೆ ಮಾತ್ರ. ಗಂಟೆಯ ಅಥವಾ ನಿಮಿಷದ ಜಾಗದಲ್ಲಿ ‘ಪ್ರತಿ ಸಲವೂ’ ಎಂಬ ಅರ್ಥದ ನಕ್ಷತ್ರ ಚಿಹ್ನೆ ಇರುವ ಜಾಬ್‌ಗಳು ಹೊಸ ಗಡಿಯಾರವನ್ನು ಕೂಡಲೇ ಹಿಂಬಾಲಿಸುತ್ತವೆ. ಬೇರೆ ಕ್ರಾನ್‌ಗಳು, ಅಪ್ಲಿಕೇಶನ್ ಒಳಗೆ ಕೂತಿರುವ ಕ್ರಾನ್ ಲೈಬ್ರರಿಗಳು ಇದೇ ರೀತಿ ನಡೆದುಕೊಳ್ಳಬೇಕೆಂಬ ನಿಯಮವೇನಿಲ್ಲ. ಬರೆಯುವ ರೀತಿ ಒಂದೇ ಇರುವುದರಿಂದ ನಡವಳಿಕೆಯೂ ಒಂದೇ ಇರುತ್ತದೆಂದು ನಾವು ಅಂದುಕೊಂಡುಬಿಡುತ್ತೇವೆ.

ಕ್ಲೌಡ್ ಡೇಟಾಬೇಸ್ ಆದ ಸ್ನೋಫ್ಲೇಕ್ ಈ ವಿಷಯವನ್ನು ಮುಚ್ಚಿಡದೆ ತನ್ನ ದಾಖಲೆಯಲ್ಲೇ ಬರೆದುಕೊಂಡಿದೆ: ಟೈಮ್ ಝೋನ್ ಕೊಟ್ಟು ಕ್ರಾನ್ ಮಾದರಿಯಲ್ಲಿ ಬರೆದ ಟಾಸ್ಕ್, ಮರುಕಳಿಸುವ ಗಂಟೆಗೆ ನಿಗದಿಯಾಗಿದ್ದರೆ ಎರಡು ಸಲ ಓಡಬಹುದು, ಇಲ್ಲದ ಗಂಟೆಗೆ ನಿಗದಿಯಾಗಿದ್ದರೆ ಓಡದೆಯೇ ಇರಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಳಗೇ ಶೆಡ್ಯೂಲರ್ ಇಲ್ಲ; ಹೆಚ್ಚು ಜನ ಸೇರಿಸಿಕೊಳ್ಳುವ ಪಿಜಿ-ಕ್ರಾನ್ ಬೇರೇನೂ ಹೇಳದಿದ್ದರೆ ಗ್ರೀನ್‌ವಿಚ್ ಸಮಯದಲ್ಲೇ ಓಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಈವೆಂಟ್ ಸೃಷ್ಟಿಸುವಾಗ ಆ ಸೆಷನ್‌ನ ಟೈಮ್ ಝೋನ್ ಯಾವುದಿತ್ತೋ ಅದೇ ಈವೆಂಟ್‌ಗೆ ಅಂಟಿಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಯಾರೋ ತಮ್ಮ ಲ್ಯಾಪ್‌ಟಾಪ್‌ನಿಂದ ಸೃಷ್ಟಿಸಿದ ಈವೆಂಟ್ ಯಾವ ಊರಿನ ಗಡಿಯಾರ ನೋಡುತ್ತಿದೆ ಎಂಬುದು ಇನ್ಫರ್ಮೇಶನ್ ಸ್ಕೀಮಾದ ಈವೆಂಟ್ಸ್ ಟೇಬಲ್ ತೆರೆದು ನೋಡಿದರೇನೇ ತಿಳಿಯುವುದು.

ಒರಾಕಲ್‌ನ ಶೆಡ್ಯೂಲರ್‌ನಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. ಬೆಳಿಗ್ಗೆ 9ಕ್ಕೆ ಓಡಬೇಕಾದ ಜಾಬ್‌ನ ಆರಂಭ ದಿನಾಂಕವನ್ನು ‘ಅಮೆರಿಕ/ನ್ಯೂಯಾರ್ಕ್’ ಎಂಬ ಪ್ರದೇಶದ ಹೆಸರಿನೊಂದಿಗೆ ಕೊಟ್ಟರೆ, ಬೇಸಿಗೆ-ಚಳಿಗಾಲ ಎರಡರಲ್ಲೂ ಅದು ಅಲ್ಲಿನ ಬೆಳಿಗ್ಗೆ 9ಕ್ಕೇ ಓಡುತ್ತದೆ. ಅದೇ ದಿನಾಂಕವನ್ನು ‘ಯುಟಿಸಿಗಿಂತ 5 ಗಂಟೆ ಹಿಂದೆ’ ಎಂಬ ಸಂಖ್ಯೆಯೊಂದಿಗೆ ಕೊಟ್ಟರೆ ಚಳಿಗಾಲದಲ್ಲಿ ಎಲ್ಲ ಸರಿ. ಮಾರ್ಚ್ ಕಳೆದ ಮೇಲೆ 10 ಗಂಟೆಗೆ ಓಡಲಾರಂಭಿಸುತ್ತದೆ. ಪರೀಕ್ಷೆ ಮಾಡಿದ್ದು ಜನವರಿಯಲ್ಲಾದರೆ ಎರಡೂ ಒಂದೇ ಫಲಿತಾಂಶ ಕೊಡುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆರಂಭ ದಿನಾಂಕವನ್ನೇ ಕೊಡದೆ ಬಿಟ್ಟರೆ ಟೈಮ್ ಝೋನ್ ಆಯ್ಕೆಯನ್ನು ಬೇರೆ ಸೆಟ್ಟಿಂಗ್‌ಗಳ ಕೈಗೆ ಕೊಟ್ಟಂತೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನ ಶೆಡ್ಯೂಲರ್ ಆದ ಏಜೆಂಟ್‌ನ ಶರತ್ಕಾಲದ ವರ್ತನೆ. ಏಜೆಂಟ್ ಸರ್ವರ್‌ನ ಸ್ಥಳೀಯ ಗಡಿಯಾರ ನೋಡಿ ನಡೆಯುತ್ತದೆ. 15 ನಿಮಿಷಕ್ಕೊಮ್ಮೆ ಟ್ರಾನ್ಸಾಕ್ಷನ್ ಲಾಗ್ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ಬ್ಯಾಕಪ್ ತೆಗೆಯುವ ಜಾಬ್ 1:45ಕ್ಕೆ ಓಡಿ, ಮುಂದಿನ ಸರದಿ 2:00 ಎಂದು ಗುರುತಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಗಡಿಯಾರ 1:00ಕ್ಕೆ ಮರಳುತ್ತದೆ. ಜಾಬ್ 2:00 ಬರಲೆಂದು ಕಾಯುತ್ತದೆ. ನಿಜವಾದ ಕಾಲದಲ್ಲಿ ಅದು 75 ನಿಮಿಷ. ಡಿಬಿಎಗಳು (ಡೇಟಾಬೇಸ್ ನೋಡಿಕೊಳ್ಳುವವರು) ಬಹಳ ವರ್ಷಗಳಿಂದ ಕಂಡಿರುವ ಈ ವಿರಾಮದಲ್ಲಿ ಯಾವ ಎರರ್ ಸಂದೇಶವೂ ಬರುವುದಿಲ್ಲ, ಜಾಬ್ ವಿಫಲವಾಯಿತೆಂದೂ ದಾಖಲಾಗುವುದಿಲ್ಲ. ಆದರೆ ಅದೇ ಹೊತ್ತಿಗೆ ಡಿಸ್ಕ್ ಕೈಕೊಟ್ಟರೆ, ಗರಿಷ್ಠ 15 ನಿಮಿಷದ ಡೇಟಾ ಮಾತ್ರ ಹೋಗಬಹುದು ಎಂದು ಬರಹದಲ್ಲಿ ಕೊಟ್ಟ ಭರವಸೆ ಮುರಿದಿರುತ್ತದೆ. ಜೊತೆಗೆ ‘1:30ರ ಸ್ಥಿತಿಗೆ ಮರಳಿಸು’ ಎಂದು ಕೇಳಿದರೆ ಯಾವ 1:30 ಎಂಬ ಪ್ರಶ್ನೆ ಬೇರೆ. ದಿನದ ವರದಿ ಒಂದು ಗಂಟೆ ತಡವಾದರೆ ಯಾರೋ ಬೈಯುತ್ತಾರೆ, ಅಷ್ಟೆ. ಬ್ಯಾಕಪ್‌ನ ಅಂತರ ಮಾತ್ರ ಬೇಕಾದ ದಿನದವರೆಗೂ ಕಾಣಿಸುವುದಿಲ್ಲ.

ಯುಟಿಸಿ ಎಂಬ ಅರ್ಧ ಔಷಧಿ

‘ಎಲ್ಲವನ್ನೂ ಯುಟಿಸಿಗೆ ಹಾಕಿಬಿಡಿ’ ಎಂಬುದು ಎಲ್ಲರ ಬಾಯಲ್ಲೂ ಇರುವ ಸಲಹೆ. ಬ್ಯಾಕಪ್, ಲಾಗ್ ಶುಚಿಗೊಳಿಸುವಿಕೆ, ಅಂಕಿಅಂಶ ನವೀಕರಣದಂಥ ಕೆಲಸಗಳಿಗೆ ಅದು ಪೂರ್ತಿ ಸರಿ. ಯುಟಿಸಿಯಲ್ಲಿ ಗಂಟೆ ಕಾಣೆಯಾಗುವುದಿಲ್ಲ, ಮರುಕಳಿಸುವುದೂ ಇಲ್ಲ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಅನ್ನೇ ಯುಟಿಸಿಗೆ ಇಟ್ಟರೆ ಮೇಲೆ ಹೇಳಿದ ಏಜೆಂಟ್‌ನ ವಿರಾಮವೂ ಇಲ್ಲವಾಗುತ್ತದೆ.

ಆದರೆ ಕೆಲವು ಜಾಬ್‌ಗಳ ಕೊನೆಯಲ್ಲಿ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ. ನ್ಯೂಯಾರ್ಕ್‌ನ ಕಚೇರಿಯಲ್ಲಿ ಬೆಳಿಗ್ಗೆ 9ಕ್ಕೆ ವರದಿ ಮೇಜಿನ ಮೇಲಿರಬೇಕು. ಅದು ಚಳಿಗಾಲದಲ್ಲಿ ಯುಟಿಸಿ 14:00, ಬೇಸಿಗೆಯಲ್ಲಿ 13:00. ಯುಟಿಸಿ 14:00 ಎಂದು ಕಟ್ಟಿಹಾಕಿದರೆ ವರ್ಷದ ಹೆಚ್ಚು ಭಾಗ ವರದಿ ಒಂದು ಗಂಟೆ ತಡ. ಷೇರು ಮಾರುಕಟ್ಟೆಯ ಮುಕ್ತಾಯ, ಪಾವತಿಯ ಗಡುವು, ದರ ಬದಲಾವಣೆ ಜಾರಿಗೆ ಬರುವ ಹೊತ್ತು, ಇವೆಲ್ಲ ಜನರ ಗಡಿಯಾರಕ್ಕೆ ಕಟ್ಟಿದ ಕೆಲಸಗಳು. ಹಾಗಾಗಿ ಜಾಬ್ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಯಾವ ಟೈಮ್ ಝೋನ್ ಎಂಬುದಲ್ಲ. ಈ ಕೆಲಸ ಯಾರಿಗಾಗಿ ನಡೆಯುತ್ತಿದೆ, ಅವರು ಕಾಯುವುದು ಗಡಿಯಾರದ ಒಂದು ಅಂಕಿಗೋ ಅಥವಾ ಹಿಂದಿನ ಸಲದಿಂದ ಇಷ್ಟು ಹೊತ್ತು ಕಳೆಯಲೆಂದೋ? ಮೊದಲನೆಯದಾದರೆ ಪ್ರದೇಶದ ಹೆಸರು ಬೇಕು. ಎರಡನೆಯದಾದರೆ ಯುಟಿಸಿ ಬೇಕು. ಪೋಸ್ಟ್‌ಗ್ರೆಸ್ ಈ ಭೇದವನ್ನು ತನ್ನ ಲೆಕ್ಕದಲ್ಲೇ ಇಟ್ಟುಕೊಂಡಿದೆ. ಟೈಮ್ ಝೋನ್ ಸಹಿತ ಸಮಯಕ್ಕೆ ‘1 ದಿನ’ ಕೂಡಿಸಿದರೆ ಮರುದಿನದ ಅದೇ ಗಡಿಯಾರದ ಹೊತ್ತು ಸಿಗುತ್ತದೆ. ‘24 ಗಂಟೆ’ ಕೂಡಿಸಿದರೆ ಬದಲಾವಣೆಯ ದಿನ ಒಂದು ಗಂಟೆ ಆಚೀಚೆ ಹೋಗುತ್ತದೆ. ಎರಡೂ ಸರಿಯಾದ ಉತ್ತರಗಳೇ, ಪ್ರಶ್ನೆಗಳು ಬೇರೆ.

ಪ್ರದೇಶದ ಹೆಸರು ಆರಿಸಿದ ಮೇಲೆ ಇನ್ನೊಂದು ನಿರ್ಧಾರ ಉಳಿಯುತ್ತದೆ. ಆ ಹೊತ್ತು ಇಲ್ಲದ ದಿನ ಜಾಬ್ ಅನ್ನು ಬಿಡಬೇಕೋ, ತಡವಾಗಿ ಓಡಿಸಬೇಕೋ? ಎರಡು ಸಲ ಬರುವ ದಿನ ಮೊದಲನೆಯದಕ್ಕೋ, ಎರಡನೆಯದಕ್ಕೋ? ಪೋಸ್ಟ್‌ಗ್ರೆಸ್‌ಗೆ ನ್ಯೂಯಾರ್ಕ್‌ನ ಇಲ್ಲದ 2:30 ಕೊಟ್ಟರೆ ಅದು ಸದ್ದಿಲ್ಲದೆ 3:30 ಎಂದು ಅರ್ಥ ಮಾಡಿಕೊಳ್ಳುತ್ತದೆ. ಎರಡು ಸಲ ಬರುವ 1:30 ಕೊಟ್ಟರೆ ಎರಡನೆಯದನ್ನು, ಅಂದರೆ ಚಳಿಗಾಲದ ಪ್ರಮಾಣ ಸಮಯವನ್ನು ಆರಿಸುತ್ತದೆ. ಮೈಎಸ್‌ಕ್ಯೂಎಲ್‌ನ ಕಟ್ಟುನಿಟ್ಟಿನ ಮೋಡ್‌ನಲ್ಲಿ ಟೈಮ್‌ಸ್ಟ್ಯಾಂಪ್ ಕಾಲಂಗೆ ಇಲ್ಲದ ಹೊತ್ತು ಹಾಕಲು ಹೋದರೆ ಎರರ್ ಬರುತ್ತದೆ. ಡೇಟ್‌ಟೈಮ್ ಕಾಲಂ ಆದರೆ ಮರುಮಾತಿಲ್ಲದೆ ಒಳಗೆ ಹೋಗುತ್ತದೆ. ಒರಾಕಲ್ ಇಲ್ಲದ ಹೊತ್ತನ್ನು ಪ್ರದೇಶದ ಸಮಯಕ್ಕೆ ಪರಿವರ್ತಿಸುವಾಗ 01878 ಸಂಖ್ಯೆಯ ಎರರ್ ಕೊಡುತ್ತದೆ. ನನ್ನ ಮಟ್ಟಿಗೆ ಎರರ್ ಕೊಡುವ ಡೇಟಾಬೇಸೇ ಇಲ್ಲಿ ಒಳ್ಳೆಯ ಸ್ನೇಹಿತ.

ಇದೆಲ್ಲ ರಗಳೆ ಬೇಡವೆಂದರೆ ಜಾಬ್‌ಗಳನ್ನು 1ರಿಂದ 3 ಗಂಟೆಯ ನಡುವೆ ಇಡದಿರುವುದು ಸುಲಭದ ದಾರಿ. ಬಹಳ ಕಡೆ ಅಷ್ಟೇ ಸಾಕಾಗುತ್ತದೆ. ಆದರೆ ಮಧ್ಯರಾತ್ರಿ ಎಲ್ಲೆಡೆಯೂ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಈಜಿಪ್ಟ್ 2023ರಲ್ಲಿ ಡೇಲೈಟ್ ಸೇವಿಂಗ್ ಪದ್ಧತಿಯನ್ನು ಮರಳಿ ತಂದಾಗ ಏಪ್ರಿಲ್‌ನ ಕೊನೆಯ ಶುಕ್ರವಾರ 0 ಗಂಟೆಗೆ ಬದಲಾವಣೆ ಇಟ್ಟಿತು. ಆ ದಿನ ಕೈರೋದಲ್ಲಿ ಮಧ್ಯರಾತ್ರಿ 12 ಗಂಟೆಯೇ ಇಲ್ಲ, ದಿನ ಶುರುವಾಗುವುದೇ 1 ಗಂಟೆಗೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಗಡಿಯಾರ ಸರಿಯುವುದು ಅರ್ಧ ಗಂಟೆ ಮಾತ್ರ.

ಸಾಲಾಗಿ ಕಟ್ಟಿದ ಜಾಬ್‌ಗಳ ಕಥೆಯೂ ಇದೆ. 1:30ಕ್ಕೆ ರಫ್ತು, 3:00ಕ್ಕೆ ಅದನ್ನು ಲೋಡ್ ಮಾಡುವ ಜಾಬ್. ನಡುವೆ 90 ನಿಮಿಷ ಧಾರಾಳ ಎಂದು ಯಾರೋ ಲೆಕ್ಕ ಹಾಕಿರುತ್ತಾರೆ. ಮಾರ್ಚ್‌ನ ಆ ರಾತ್ರಿ ಆ 90 ನಿಮಿಷ 30 ಆಗುತ್ತದೆ, ಅರ್ಧ ಬರೆದ ಫೈಲ್ ಲೋಡ್ ಆಗುತ್ತದೆ. ಎರಡು ದೇಶಗಳ ನಡುವೆಯಾದರೆ ತೊಂದರೆ ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಲಂಡನ್ ಸಾಮಾನ್ಯವಾಗಿ ನ್ಯೂಯಾರ್ಕ್‌ಗಿಂತ 5 ಗಂಟೆ ಮುಂದೆ. 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ, ಮತ್ತೆ ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಅಂತರ 4 ಗಂಟೆ. ಲಂಡನ್‌ನಲ್ಲಿ ಬೆಳಿಗ್ಗೆ 6ಕ್ಕೆ ಸಿದ್ಧವಾಗುವ ಡೇಟಾವನ್ನು ನ್ಯೂಯಾರ್ಕ್‌ನ 1:30ಕ್ಕೆ ಎಳೆದುಕೊಳ್ಳುವ ಜಾಬ್, ಆ ಮೂರು ವಾರ ಲಂಡನ್‌ನ 5:30ಕ್ಕೇ ಹೋಗಿ ಹಿಂದಿನ ದಿನದ ಡೇಟಾ ತರುತ್ತದೆ. ಗಡಿಯಾರವನ್ನು ನಂಬಿ ಎರಡು ಜಾಬ್‌ಗಳನ್ನು ಜೋಡಿಸುವುದೇ ಇಲ್ಲಿನ ಮೂಲ ದೋಷ. ಮೊದಲನೆಯದು ಮುಗಿದೆನೆಂದು ಒಂದು ಸಾಲು ಬರೆಯಲಿ, ಎರಡನೆಯದು ಆ ಸಾಲನ್ನು ನೋಡಿ ಏಳಲಿ.

ಯಾವಾಗ ಓಡಿತು ಎಂಬುದಕ್ಕಿಂತ ಯಾವುದನ್ನು ಮುಟ್ಟಿತು ಎಂಬುದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಾಬ್ ಏಳುವ ಹೊತ್ತಿನ ಬಗ್ಗೆ. ಹೆಚ್ಚು ಹಾನಿ ಆಗುವುದು ಅಲ್ಲಲ್ಲ, ಎದ್ದ ಜಾಬ್ ಯಾವ ಡೇಟಾವನ್ನು ಕೈಗೆತ್ತಿಕೊಳ್ಳುತ್ತದೆ ಎಂಬಲ್ಲಿ. ಶೆಡ್ಯೂಲರ್ ಅನ್ನು ಎಷ್ಟು ಚೆನ್ನಾಗಿ ಹೊಂದಿಸಿದರೂ ಈ ತಪ್ಪು ಹಾಗೇ ಉಳಿಯುತ್ತದೆ.

‘ನಿನ್ನೆಯ ಮಾರಾಟ’ ಲೆಕ್ಕ ಹಾಕುವ ಜಾಬ್ ನೋಡಿ. ಮಧ್ಯರಾತ್ರಿ ಎದ್ದು ಹಿಂದಿನ 24 ಗಂಟೆಗಳ ಸಾಲುಗಳನ್ನು ಕೂಡಿಸುತ್ತದೆ. ನ್ಯೂಯಾರ್ಕ್‌ನ 2026ರ ಮಾರ್ಚ್ 8ಕ್ಕೆ ಇರುವುದು 23 ಗಂಟೆ, ಯುಟಿಸಿಯಲ್ಲಿ 8ರ 05:00ರಿಂದ 9ರ 04:00ರವರೆಗೆ. 24 ಗಂಟೆ ಹಿಂದಕ್ಕೆ ಹೋದ ಜಾಬ್ ಮಾರ್ಚ್ 7ರ ಕೊನೆಯ ಗಂಟೆಯನ್ನೂ ಸೇರಿಸಿಕೊಳ್ಳುತ್ತದೆ. ಆ ಗಂಟೆಯ ಮಾರಾಟ ಎರಡು ದಿನಗಳಲ್ಲೂ ಎಣಿಕೆಯಾಯಿತು. ನವೆಂಬರ್ 1ಕ್ಕೆ 25 ಗಂಟೆ. ಅದೇ ಜಾಬ್ ಆ ದಿನದ ಮೊದಲ ಗಂಟೆಯನ್ನು ಬಿಟ್ಟುಬಿಡುತ್ತದೆ. ಜಾಬ್ ಯಶಸ್ವಿ ಎಂದೇ ಲಾಗ್ ಹೇಳುತ್ತದೆ. ಯುರೋಪಿನ ವಿದ್ಯುತ್ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ: ಅಲ್ಲಿ ಕಾಲು ಗಂಟೆಯ ಲೆಕ್ಕದಲ್ಲಿ ದಿನಕ್ಕೆ 96 ಅಂಕಿಗಳಿದ್ದರೆ, ಬದಲಾವಣೆಯ ದಿನಗಳಲ್ಲಿ 92 ಅಥವಾ 100 ಇರುತ್ತವೆ, ಟೇಬಲ್‌ಗಳನ್ನು ಹಾಗೆಯೇ ಕಟ್ಟಬೇಕಾಗುತ್ತದೆ. ಸರಿಯಾದ ದಾರಿಯೆಂದರೆ ದಿನದ ಆರಂಭ ಮತ್ತು ಮರುದಿನದ ಆರಂಭ, ಎರಡನ್ನೂ ಪ್ರತ್ಯೇಕವಾಗಿ ಸ್ಥಳೀಯ ಹೊತ್ತಿನಿಂದ ಯುಟಿಸಿಗೆ ಪರಿವರ್ತಿಸಿ, ಮೊದಲನೆಯದನ್ನು ಸೇರಿಸಿ ಎರಡನೆಯದನ್ನು ಬಿಟ್ಟು ಸಾಲುಗಳನ್ನು ತೆಗೆಯುವುದು.

ಸ್ಥಳೀಯ ಹೊತ್ತನ್ನು ಟೈಮ್ ಝೋನ್ ಇಲ್ಲದ ಕಾಲಂನಲ್ಲಿ ಇಟ್ಟಿದ್ದರೆ ಈ ಪರಿಹಾರವೂ ನಿಮಗಿಲ್ಲ. ಮೊದಲ 1:30ರ ಸಾಲು, ಎರಡನೇ 1:30ರ ಸಾಲು ನೋಡಲು ಒಂದೇ. ದಿನಾಂಕ ಮತ್ತು ಗಂಟೆಯನ್ನು ಯುನೀಕ್ ಕೀ (ಎರಡು ಸಾಲುಗಳಿಗೆ ಒಂದೇ ಇರಬಾರದ ಗುರುತು) ಮಾಡಿದ ಸಾರಾಂಶ ಟೇಬಲ್‌ನಲ್ಲಿ ಎರಡನೇ ಬಾರಿಯ 1 ಗಂಟೆ ಮೊದಲನೆಯದರ ಮೊತ್ತವನ್ನು ಅಳಿಸಿ ತಾನು ಕೂರುತ್ತದೆ. ಇನ್ನೂ ಕೆಟ್ಟದ್ದು, ಹೊಸ ಸಾಲುಗಳನ್ನಷ್ಟೇ ಎತ್ತಿಕೊಳ್ಳುವ ಜಾಬ್‌ಗಳದ್ದು. ‘ಕೊನೆಯದಾಗಿ ನೋಡಿದ ಹೊತ್ತು 1:58’ ಎಂದು ಅದು ಬರೆದಿಟ್ಟುಕೊಂಡಿರುತ್ತದೆ. ಗಡಿಯಾರ ಹಿಂದೆ ಸರಿದ ಮೇಲೆ ಬರುವ 1:05ರ, 1:40ರ ಸಾಲುಗಳೆಲ್ಲ ಅದರ ಕಣ್ಣಿಗೆ ಹಳೆಯವು. ಎರಡನೇ ಬಾರಿ 1:58 ದಾಟಿದ ಮೇಲೆ ಜಾಬ್ ಎಂದಿನಂತೆ ಮುಂದುವರಿಯುತ್ತದೆ. ಆ 58 ನಿಮಿಷದ ಸಾಲುಗಳು ಮುಂದಿನ ಹಂತಕ್ಕೆ ಎಂದೂ ತಲುಪುವುದಿಲ್ಲ.

ಆದ್ದರಿಂದ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಜಾಬ್‌ಗೆ ಈಗ ಗಂಟೆ ಎಷ್ಟು ಎಂದು ಕೇಳಿಕೊಂಡು ಕೆಲಸ ನಿರ್ಧರಿಸುವ ಅಧಿಕಾರವನ್ನೇ ಕೊಡಬಾರದು. ಪ್ರತಿ ಓಟಕ್ಕೂ ಅದು ಮುಗಿಸಬೇಕಾದ ಅವಧಿಯ ಆರಂಭ ಮತ್ತು ಅಂತ್ಯವನ್ನು ಯುಟಿಸಿಯಲ್ಲಿ ಒಂದು ನಿಯಂತ್ರಣ ಟೇಬಲ್‌ನಲ್ಲಿ ಬರೆದಿಡಬೇಕು. ಜಾಬ್‌ನ ಹೆಸರು ಮತ್ತು ಅವಧಿಯ ಆರಂಭ ಸೇರಿ ಯುನೀಕ್ ಕೀ. ಜಾಬ್ ಎದ್ದ ಕೂಡಲೇ, ಹಿಂದಿನ ಓಟ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಿನ ಅವಧಿಯ ಸಾಲನ್ನು ಸೇರಿಸಲು ಯತ್ನಿಸಬೇಕು. ಆ ಅವಧಿ ಇನ್ನೂ ಮುಗಿದಿರದಿದ್ದರೆ, ಅಥವಾ ಸಾಲು ಆಗಲೇ ಇದ್ದು ಕೆಲಸ ಆಗಿದ್ದರೆ, ಸುಮ್ಮನೆ ಹೊರಬರಬೇಕು. ಸಾಲು ಸೇರಿಸುವುದು ಮತ್ತು ಡೇಟಾ ಬದಲಿಸುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಒಂದೇ ಕಟ್ಟಿನಲ್ಲಿ, ಆಗಬೇಕು. ಇಲ್ಲದಿದ್ದರೆ ನಡುವೆ ಸರ್ವರ್ ಬಿದ್ದಾಗ ಅರ್ಧ ಕೆಲಸ ಪೂರ್ತಿಯೆಂದು ದಾಖಲಾಗುತ್ತದೆ. ಹೀಗೆ ಕಟ್ಟಿದ ಜಾಬ್ ನವೆಂಬರ್‌ನಲ್ಲಿ ಎರಡು ಸಲ ಎದ್ದರೂ ಹಣ ಒಂದೇ ಸಲ ಕಡಿತವಾಗುತ್ತದೆ. ಮಾರ್ಚ್‌ನಲ್ಲಿ ಒಂದು ಸಲ ಏಳದೆ ಹೋದರೂ ಮರುದಿನ ಎದ್ದಾಗ ಬಿಟ್ಟುಹೋದ ಅವಧಿಯಿಂದಲೇ ಹಿಡಿಯುತ್ತದೆ. ಡೇಲೈಟ್ ಸೇವಿಂಗ್ ಇಲ್ಲದ ಕಡೆಯೂ ಇದರಿಂದ ಲಾಭವುಂಟು, ಏಕೆಂದರೆ ಸರ್ವರ್ ಮರುಪ್ರಾರಂಭವಾದಾಗಲೂ ಯಾರೋ ಕೈಯಾರೆ ಜಾಬ್ ಓಡಿಸಿದಾಗಲೂ ಎದುರಾಗುವುದು ಇದೇ ಎರಡು ತೊಂದರೆ. ಇಮೇಲ್ ಕಳಿಸುವಂಥ, ಟ್ರಾನ್ಸಾಕ್ಷನ್‌ನಿಂದ ಹಿಂದಕ್ಕೆ ಪಡೆಯಲಾಗದ ಕೆಲಸಗಳಿಗೆ ಇಷ್ಟು ಸಾಲದು; ಅಲ್ಲಿ ಕಳಿಸಬೇಕಾದ್ದನ್ನು ಮೊದಲು ಟೇಬಲ್‌ಗೆ ಬರೆದು, ಪ್ರತಿ ಸಂದೇಶಕ್ಕೂ ಒಂದು ಗುರುತು ಕೊಟ್ಟು, ಬೇರೆ ಪ್ರಕ್ರಿಯೆಯಿಂದ ಕಳಿಸಬೇಕಾಗುತ್ತದೆ.

ಜಾಬ್ ಎಷ್ಟು ಹೊತ್ತು ಓಡಿತು ಎಂದು ಅಳೆಯುವಲ್ಲೂ ಎಚ್ಚರ ಬೇಕು. 1:50ಕ್ಕೆ ಶುರುವಾಗಿ ಎರಡನೇ 1:05ಕ್ಕೆ ಮುಗಿದ ಜಾಬ್, ಸ್ಥಳೀಯ ಹೊತ್ತಿನ ಲೆಕ್ಕದಲ್ಲಿ ಮೈನಸ್ 45 ನಿಮಿಷ ತೆಗೆದುಕೊಂಡಂತೆ ಕಾಣುತ್ತದೆ. ‘24 ಗಂಟೆಯಲ್ಲಿ ಓಡದಿದ್ದರೆ ಎಚ್ಚರಿಸು’ ಎಂಬ ನಿಗಾ ವ್ಯವಸ್ಥೆ 25 ಗಂಟೆಯ ದಿನ ಸುಮ್ಮಸುಮ್ಮನೆ ಎಬ್ಬಿಸುತ್ತದೆ.

ನಿಯಮವೇ ಬದಲಾದಾಗ

ಡೇಲೈಟ್ ಸೇವಿಂಗ್ ಇನ್ನೇನು ಹೋಗಿಬಿಡುತ್ತದೆ, ಆಮೇಲೆ ಈ ತಲೆನೋವಿಲ್ಲ ಎಂಬ ಆಸೆ ಹಲವರಿಗಿದೆ. ಯುರೋಪಿಯನ್ ಸಂಸತ್ತು 2019ರ ಮಾರ್ಚ್‌ನಲ್ಲಿ, 2021ಕ್ಕೆ ಇದನ್ನು ಕೊನೆಗಾಣಿಸಬೇಕೆಂದು ಮತ ಹಾಕಿತು. ಸದಸ್ಯ ದೇಶಗಳು ಒಮ್ಮತಕ್ಕೆ ಬರದೆ 2021 ಹಾಗೇ ಕಳೆದುಹೋಯಿತು. ಅಮೆರಿಕದ ಸೆನೆಟ್ 2022ರ ಮಾರ್ಚ್‌ನಲ್ಲಿ ಬೇಸಿಗೆ ಸಮಯವನ್ನೇ ಕಾಯಂಗೊಳಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಮೆಕ್ಸಿಕೊ 2022ರಲ್ಲಿ ಹೆಚ್ಚಿನ ಪ್ರದೇಶಗಳಲ್ಲಿ ನಿಲ್ಲಿಸಿತು, ಆದರೆ ಅಮೆರಿಕದ ಗಡಿಯ ಹಲವು ಊರುಗಳಲ್ಲಿ ಉಳಿಸಿಕೊಂಡಿತು. ಪರಾಗ್ವೆ 2024ರ ಅಕ್ಟೋಬರ್‌ನಲ್ಲಿ ಬೇಸಿಗೆ ಸಮಯವನ್ನೇ ಕಾಯಂ ಮಾಡಿತು. ಪದ್ಧತಿಯನ್ನು ಕೈಬಿಡುವುದೂ ಡೇಟಾಬೇಸ್‌ಗೆ ಒಂದು ಬದಲಾವಣೆಯೇ, ಅದೂ ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತಿಟ್ಟುಕೊಳ್ಳಲಾಗದ ಬದಲಾವಣೆ. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬೇಸಿಗೆ ಸಮಯವನ್ನು ಮುಂದೂಡುವುದಾಗಿ ಹೇಳಿದ್ದು ಅದು ಜಾರಿಯಾಗಬೇಕಿದ್ದ ದಿನಕ್ಕೆ ಕೆಲವೇ ದಿನ ಮೊದಲು. ಕೆಲವು ಸಂಸ್ಥೆಗಳು ಪಾಲಿಸಿದವು, ಕೆಲವು ಪಾಲಿಸಲಿಲ್ಲ. ಒಂದೇ ದೇಶದಲ್ಲಿ ಎರಡು ಗಡಿಯಾರ ನಡೆದವು. ಕೊನೆಗೆ ಸರ್ಕಾರ ನಿರ್ಧಾರ ಹಿಂತೆಗೆದುಕೊಂಡಿತು.

ಇಂಥ ನಿಯಮಗಳನ್ನೆಲ್ಲ ಒಂದೆಡೆ ಕೂಡಿಡುವ ಟಿಝಡ್ ಡೇಟಾಬೇಸ್ ಅನ್ನು ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದರು. ಪಾಲ್ ಎಗರ್ಟ್ ಅದರ ನಿರ್ವಾಹಕರು. 2011ರಿಂದ ಅಂತರ್ಜಾಲದ ವಿಳಾಸ ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಅದಕ್ಕೆ ಆಶ್ರಯ ಕೊಟ್ಟಿದೆ. ಜಗತ್ತಿನ ಬಹುಪಾಲು ಸರ್ವರ್‌ಗಳು ಇವರ ತಾಳ್ಮೆಯ ಮೇಲೆ ನಿಂತಿವೆ ಎಂಬುದು ನೆನಪಿಡಬೇಕಾದ ಮಾತು. ಅವರು ಹೊಸ ಆವೃತ್ತಿ ಬಿಡುಗಡೆ ಮಾಡಿದ ಮಾತ್ರಕ್ಕೆ ಅದು ನಿಮ್ಮ ಡೇಟಾಬೇಸ್‌ಗೆ ತಲುಪುವುದಿಲ್ಲ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಪ್ರತಿ, ಜಾವಾ ರನ್‌ಟೈಮ್‌ನೊಳಗೆ ಇನ್ನೊಂದು, ಒರಾಕಲ್‌ನಲ್ಲಿ ಅದರದೇ ಟೈಮ್ ಝೋನ್ ಫೈಲ್, ಮೈಎಸ್‌ಕ್ಯೂಎಲ್‌ನಲ್ಲಿ ನಾವೇ ಕೈಯಾರೆ ತುಂಬಬೇಕಾದ ಟೇಬಲ್‌ಗಳು. ಆ ಟೇಬಲ್‌ಗಳನ್ನು ತುಂಬದಿದ್ದರೆ ಮೈಎಸ್‌ಕ್ಯೂಎಲ್‌ನ ಸಮಯ ಪರಿವರ್ತನೆಯ ಫಂಕ್ಷನ್ ಪ್ರದೇಶದ ಹೆಸರಿಗೆ ನಲ್ (ಖಾಲಿ ಉತ್ತರ) ಕೊಟ್ಟು ಸುಮ್ಮನಾಗುತ್ತದೆ. ಅಪ್ಲಿಕೇಶನ್‌ಗೆ ಹೊಸ ನಿಯಮ, ಡೇಟಾಬೇಸ್‌ಗೆ ಹಳೆಯ ನಿಯಮ ಎಂದಾದರೆ ಒಂದೇ ಹೊತ್ತನ್ನು ಎರಡೂ ಬೇರೆಬೇರೆಯಾಗಿ ಓದುತ್ತವೆ.

ಈ ಕಾರಣಕ್ಕೇ ಮುಂದಿನ ವರ್ಷದ ಕೆಲಸವೊಂದನ್ನು ಇಂದೇ ಯುಟಿಸಿಗೆ ಪರಿವರ್ತಿಸಿ ಇಡುವುದು ತಪ್ಪು. ನಡೆದುಹೋದದ್ದನ್ನು ಯುಟಿಸಿಯಲ್ಲಿ ಇಡಿ, ಅದು ಇನ್ನು ಬದಲಾಗುವುದಿಲ್ಲ. ನಡೆಯಬೇಕಾದದ್ದನ್ನು ಸ್ಥಳೀಯ ದಿನಾಂಕ, ಗಂಟೆ ಮತ್ತು ಪ್ರದೇಶದ ಹೆಸರಾಗಿ ಇಟ್ಟು, ಮುಂದಿನ ಓಟದ ಯುಟಿಸಿ ಹೊತ್ತನ್ನು ಮಾತ್ರ ಆಗಾಗ ಲೆಕ್ಕ ಹಾಕಿ. ನಿಯಮದ ಫೈಲ್ ನವೀಕರಿಸಿದಾಗಲೆಲ್ಲ ಆ ಲೆಕ್ಕವನ್ನು ಮತ್ತೆ ಮಾಡಿ. ಪ್ರದೇಶಕ್ಕೆ ‘ಇಎಸ್‌ಟಿ’ಯಂಥ ಮೂರಕ್ಷರ ಬಳಸಬೇಡಿ: ಟಿಝಡ್ ಡೇಟಾಬೇಸ್‌ನಲ್ಲಿ ಅದು ವರ್ಷವಿಡೀ ಯುಟಿಸಿಗಿಂತ 5 ಗಂಟೆ ಹಿಂದೆ, ವಿಂಡೋಸ್‌ನ ‘ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್’ ಮಾತ್ರ ಬೇಸಿಗೆಯಲ್ಲಿ ಒಂದು ಗಂಟೆ ಸರಿಯುತ್ತದೆ.

ಪರೀಕ್ಷೆಗೆ ಮಾರ್ಚ್‌ವರೆಗೆ ಕಾಯಬೇಕಿಲ್ಲ. ಜಾಬ್‌ನ ಕೋಡ್ ಸಮಯವನ್ನು ಹೊರಗಿನಿಂದ ಪಡೆಯುವಂತೆ ಬರೆದಿದ್ದರೆ ಯಾವ ರಾತ್ರಿಯನ್ನಾದರೂ ಕೃತಕವಾಗಿ ಓಡಿಸಿ ನೋಡಬಹುದು. ನ್ಯೂಯಾರ್ಕ್ ಮತ್ತು ಬರ್ಲಿನ್‌ನ ಎರಡೆರಡು ಬದಲಾವಣೆಯ ರಾತ್ರಿಗಳು, ಮಧ್ಯರಾತ್ರಿಗಾಗಿ ಕೈರೋ, ಅರ್ಧ ಗಂಟೆಗಾಗಿ ಲಾರ್ಡ್ ಹೋವ್, ಇಷ್ಟು ಸೇರಿಸಿದರೆ ಬಹುತೇಕ ತಪ್ಪುಗಳು ಹೊರಬೀಳುತ್ತವೆ. ಪ್ರತಿ ರಾತ್ರಿಗೂ ಒಂದು ನಿಮಿಷದ ಅಂತರದಲ್ಲಿ ಸಾಲುಗಳನ್ನು ತುಂಬಿ, ಜಾಬ್ ಅನ್ನು ಮೂರು ದಿನಗಳ ಅವಧಿಗೆ ಓಡಿಸಿ, ಪ್ರತಿ ಸಾಲು ಸರಿಯಾಗಿ ಒಂದೇ ಅವಧಿಯಲ್ಲಿ ಎಣಿಕೆಯಾಗಿದೆಯೇ ಎಂದು ನೋಡಿ. ನಿಜವಾದ ಬದಲಾವಣೆಯ ಮರುದಿನ, ಸೋಮವಾರ ಬೆಳಿಗ್ಗೆ, ಎರಡು ಕ್ವೆರಿ ಸಾಕು: ನಿಯಂತ್ರಣ ಟೇಬಲ್‌ನಲ್ಲಿ ಒಂದು ಅವಧಿಯ ಅಂತ್ಯಕ್ಕೂ ಮುಂದಿನದರ ಆರಂಭಕ್ಕೂ ನಡುವೆ ಖಾಲಿ ಜಾಗವಾಗಲಿ ಅತಿಕ್ರಮಣವಾಗಲಿ ಇದೆಯೇ ಎಂಬುದು ಒಂದು, ಭಾನುವಾರದ ಲಾಗ್ ಬ್ಯಾಕಪ್‌ಗಳ ನಡುವಿನ ಅತಿ ದೊಡ್ಡ ಅಂತರ ಯುಟಿಸಿ ಲೆಕ್ಕದಲ್ಲಿ ಎಷ್ಟು ನಿಮಿಷ ಎಂಬುದು ಇನ್ನೊಂದು.